ಎಡಗಡೆಯ ಪೆಡಲ್

ಮಗ್ಗೆಯ ಲಕ್ಕಯ್ಯ ಸೈಕಲ್ ಶಾಪ್ ಮುಚ್ಚಿದ ಮೇಲೆ ಗುರುಶಾಂತಮ್ಮನಿಗೆ ಹೋಗಿ ಕೂರಲು ಜಾಗವೇ ಇಲ್ಲದಂತಾಯಿತು. ಐವತ್ತು ದಾಟಿದ, ಮದುವೆಯಾಗದ ಹೆಂಗಸು. ಮನೆಯಲ್ಲಿ ರವಿಕೆ ಹೊಲಿದು ಸೈಕಲ್ ಮೇಲೆ ಸುತ್ತಲಿನ ಹಳ್ಳಿಗಳಿಗೆ ಮುಟ್ಟಿಸಿ ಬರುತ್ತಿದ್ದಳು. ಬುಧವಾರ ಬಂತೆಂದರೆ ಆ ಸೈಕಲ್‌ಗೆ ಏನಾದರೊಂದು ಆಗುತ್ತಿತ್ತು. ಚೈನು ಸಡಿಲ, ಬ್ರೇಕು ಹಿಡಿಯುವುದಿಲ್ಲ, ಏನೂ ಇಲ್ಲದಿದ್ದರೆ ಗಾಳಿ ಕಮ್ಮಿ. ಲಕ್ಕಯ್ಯ ಬಗ್ಗಿ ಕೆಲಸ ಮಾಡುತ್ತಿದ್ದ, ಅವಳು ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದಳು. ರಿಪೇರಿಗೆ ಬಂದವಳ ಬಗ್ಗೆ ಊರು ಏನೂ ಅನ್ನುವುದಿಲ್ಲ. ಸುಮ್ಮನೆ ಬಂದು ಕೂತವಳ ಬಗ್ಗೆ ಅನ್ನುತ್ತದೆ.

ಸಕ್ಕರೆ ಕಾಯಿಲೆ ಲಕ್ಕಯ್ಯನ ಕಣ್ಣು ತಿಂದಿತು. ಮಗ ಶಾಪಿನ ಸಾಮಾನನ್ನೆಲ್ಲ ಗುಜರಿಗೆ ಹಾಕಿದ.

"ಇನ್ನು ನೀನೇ ಮಾಡ್ಕಬೇಕು ಕಣವ್ವ," ಎಂದಿದ್ದ ಲಕ್ಕಯ್ಯ. "ಸಕಲೇಶಪುರಕ್ಕೋಗಿ ಒಳ್ಳೆ ಸ್ಪ್ಯಾನರ್ ತಗಾ. ಹೊಳಪು ನೋಡಿ ಮರುಳಾಗ್ಬ್ಯಾಡ, ಬಾಯಿ ನೋಡು. ನಟ್ಟು ಕಚ್ಚಿದ್ಮೇಲೆ ಅಲ್ಲಾಡಬಾರ್ದು. ಅಲ್ಲಾಡ್ತು ಅಂದ್ರೆ ನಟ್ಟಿನ ಮೂಲೆ ಸವೆಸಿ ಗುಂಡಗೆ ಮಾಡ್ಬುಡ್ತದೆ."

"ಡಬ್ಬೀಲಿ ಇಪ್ಪತ್ತು ಸಾಮಾನು ಒಟ್ಟಿಗೇ ಸಿಗ್ತವಂತಲ್ಲ, ಲಕ್ಕಯ್ಯಣ್ಣ?"

"ಇಪ್ಪತ್ತು ತಗಂಡು ನನ್ ಎದುರಿಗೇ ಶಾಪ್ ಇಡ್ತೀಯಾ? ಮೂರ್ನಾಕು ಸಾಕು. ಗಟ್ಟಿ ಇರ್ಲಿ."

ಅವಳು ಹಳೆಯದೊಂದು ನಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಸಕಲೇಶಪುರದ ಅಂಗಡಿಯಲ್ಲಿ ಅಭಿಲಾಷ್ ಎಂಬ ಹುಡುಗು ಮುಖದ ಮಾಲೀಕ ಮೊದಲು ಕೆಂಪು ಡಬ್ಬಿಯನ್ನೇ ತೆಗೆದಿಟ್ಟ. ಒಳಗಿನದೆಲ್ಲ ಕನ್ನಡಿಯಂತೆ ಮಿರುಗುತ್ತಿತ್ತು. ಅವಳು ಗಂಟು ಬಿಚ್ಚಿ ನಟ್ಟು ಹಾಕಿ ನೋಡಿದಳು. ಅಲ್ಲಾಡಿತು. ಇನ್ನೊಂದು ಕೇಳಿದಳು. ಅದೂ ಅಲ್ಲಾಡಿತು. ತಾನೇ ಹಿಡಿಯುವುದರಲ್ಲಿ ತಪ್ಪಿರಬಹುದೇ ಎಂದು ಅನುಮಾನವಾಗಿ ಮೊದಲಿನದನ್ನು ಮತ್ತೆ ಹಾಕಿದಳು.

"ಏನಕ್ಕ, ಗಂಡು ನೋಡ್ದಂಗೆ ನೋಡ್ತಿದೀರಲ್ಲ! ಇಷ್ಟ್ ನೋಡಿದ್ರೆ ಯಾವ್ದೂ ಒಪ್ಪಿಗೆಯಾಗಲ್ಲ ಕಣ್ರೀ," ಎಂದು ಅಭಿಲಾಷ್ ನಕ್ಕ. ಪಕ್ಕದಲ್ಲಿದ್ದ ಗಿರಾಕಿಯೂ ನಕ್ಕ. ಅವಳೂ ನಕ್ಕಳು. ನಗದಿದ್ದರೆ ತಪ್ಪು ತಿಳಿದಾರು.

ಕೊನೆಗೆ ಅವನು ಹಿಂದಿನ ಕಪಾಟಿನಿಂದ ಕಪ್ಪಗಿನ, ಉದ್ದ ಹಿಡಿಯ ಸ್ಪ್ಯಾನರ್ ಒಂದನ್ನು ತಂದ. ತೂಕವಿತ್ತು. ನಟ್ಟನ್ನು ಕಚ್ಚಿ ಹಿಡಿದದ್ದು ಮಿಸುಕಲಿಲ್ಲ. ಅದನ್ನೂ, ಗಟ್ಟಿ ಸ್ಕ್ರೂಡ್ರೈವರ್ ಒಂದನ್ನೂ, ಒಂದು ಡಬ್ಬಿ ಗ್ರೀಸನ್ನೂ ಕೊಂಡಳು. ಬಸ್ಸಿನಲ್ಲಿ ಅವು ತೊಡೆಯ ಮೇಲೆ ಭಾರವಾಗಿ ಕೂತಿದ್ದಾಗ ಅವಳಿಗೆ ಹೊಳೆಯಿತು: ಇವು ಇಷ್ಟು ಒಳ್ಳೆಯವಾದರೆ, ಇನ್ನು ಯಾವ ನೆಪ ಹೇಳಿ ಲಕ್ಕಯ್ಯನ ಮನೆಗೆ ಹೋಗುವುದು?

ಮನೆಯ ಅಂಗಳದಲ್ಲಿ ಒಬ್ಬಳೇ ಕೂತು ಕೆಲಸ ಹಿಡಿದಳು. ಬ್ರೇಕು ಬಿಗಿಯಾಯಿತು, ಚೈನು ಸರಿಯಾಯಿತು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಲಕ್ಕಯ್ಯ ಯಾವಾಗಲೂ ಸ್ಪ್ಯಾನರನ್ನು ಕಲ್ಲಿನ ಮೇಲಿಡುತ್ತಿದ್ದ, ಬೇಕಾದವರು ಎತ್ತಿಕೊಳ್ಳಬೇಕು. ಅವಳೂ ಪ್ರತಿ ಸಲ ಕಲ್ಲಿನ ಮೇಲಿಟ್ಟಳು. ಪ್ರತಿ ಸಲ ತಾನೇ ಎತ್ತಿಕೊಂಡಳು.

ಗ್ರೀಸ್ ಹಚ್ಚಲೆಂದು ಪೆಡಲ್ ಬಿಚ್ಚಹೊರಟಾಗ ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದು ಜಪ್ಪಯ್ಯ ಎನ್ನಲಿಲ್ಲ. ಮೈಭಾರವನ್ನೆಲ್ಲ ಹಾಕಿ ತಿರುಗಿಸಿದಳು. ಸ್ಪ್ಯಾನರ್ ಜಾರಲಿಲ್ಲ, ಪೆಡಲ್ ಇನ್ನಷ್ಟು ಬಿಗಿಯಾಯಿತು. ಏನು ಹಾಳು ಮಾಡಿಬಿಟ್ಟೆನೋ ಎಂದು ಗಾಬರಿಯಾಯಿತು. ಅದರ ಹಿಂದೆಯೇ ಸಣ್ಣದೊಂದು ಖುಷಿಯೂ ಆಗಿ, ಆ ಖುಷಿಗೆ ನಾಚಿಕೆಯಾಯಿತು.

ಬಲಗಡೆಯದನ್ನು ಮತ್ತೆ ಕೂರಿಸಿ, ಬುಧವಾರ ಸೈಕಲ್ ತಳ್ಳಿಕೊಂಡು ಹೋದಳು. ಬಾಗಿಲಲ್ಲಿ ಲಕ್ಕಯ್ಯನ ಸೊಸೆ ಚೈತ್ರಶ್ರೀ ಸಿಕ್ಕಿದಳು.

"ಏನತ್ತೆ, ಸೈಕಲ್ ಕೆಟ್ಟೋಯ್ತಾ? ಮಾವಂಗೆ ಕಣ್ಣೇ ಕಾಣಾಕಿಲ್ವಲ್ಲ."

"ಒಂದ್ ಮಾತು ಕೇಳ್ಕಂಡ್ ಹೋಗನ ಅಂತ ಬಂದೆ ಕಣವ್ವ."

ಲಕ್ಕಯ್ಯ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ. ದನಿ ಕೇಳಿಯೇ ಮುಖ ಅರಳಿತು. ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ಮಾರಾಯ್ತಿ! ಎಡಗಡೆದು ಉಲ್ಟಾ ಥ್ರೆಡ್ಡು. ಬಿಚ್ಚೋ ಕಡೀಕೆ ತಿರುಗಿಸ್ದೆ ಅಂದ್ಕಂಡು ಬಿಗೀತಾ ಕೂತಿದ್ದೆಯಾ? ಎಲ್ಲಿ, ಸ್ಪ್ಯಾನರ್ ಕೊಡು."

ಅವಳು ರೂಢಿಯಂತೆ ಅದನ್ನು ಜಗಲಿಯ ಮೇಲಿಟ್ಟಳು. ಅವನ ಕೈ ಬರಿದೇ ನೆಲ ತಡಕಿತು. ಇತ್ತ ತಡಕಿತು, ಅತ್ತ ತಡಕಿತು. ಅವಳಿಗೆ ನೋಡಲಾಗಲಿಲ್ಲ.

"ಕೈಗೇ ಕೊಡವ್ವ," ಎಂದ ಲಕ್ಕಯ್ಯ. "ಜಗಳ ಆದ್ರೆ ಆಗ್ಲಿ ಬುಡು. ಈ ಮನೇಲಿ ನನ್ ಜೊತೆ ಜಗಳಕ್ಕೂ ಯಾರೂ ಬರಾಕಿಲ್ಲ."

ಅವಳು ಕೈಗೇ ಕೊಟ್ಟಳು. ಅವನು ಹೆಬ್ಬೆರಳಿನಿಂದ ಸ್ಪ್ಯಾನರಿನ ಬಾಯಿ ಸವರಿ, "ಸರಿಯಾದ್ದೇ ತಂದಿದೀಯ. ನಾನು ಸತ್ರೂ ಇದು ಇರ್ತದೆ," ಎಂದ. ಮೆಟ್ಟಿಲಿಳಿದು, ಪೆಡಲನ್ನು ತಡವಿ ಹಿಡಿದು, ಉಲ್ಟಾ ತಿರುಗಿಸಿದ. ಟಕ್ ಎಂದಿತು. ಗ್ರೀಸ್ ಹಚ್ಚಿ ಮತ್ತೆ ಕೂರಿಸುವುದಕ್ಕೂ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಲಸ ಮುಗಿದೇ ಹೋಯಿತು. ಚೈತ್ರಶ್ರೀ ಬಾಗಿಲಲ್ಲೇ ನಿಂತಿದ್ದಳು.

ಅವನು ಸ್ಪ್ಯಾನರನ್ನು ಅವಳ ಕೈಗೇ ವಾಪಸು ಕೊಟ್ಟ.

"ಎಲ್ಡು ಸಲ ಆತು. ಇನ್ನು ಜಗಳ ಗ್ಯಾರಂಟಿ. ಮುಂದಿನ್ ಬುಧವಾರ ಬಂದು ಆಡ್ಬುಟ್ ಹೋಗು."

ಸೊಸೆಗೆ ಕೇಳಲೆಂದೇ ಅಷ್ಟು ಜೋರಾಗಿ ಹೇಳಿದನೋ ಏನೋ. ಗುರುಶಾಂತಮ್ಮ ಸೈಕಲ್ ಹತ್ತಿದಳು.

ಮನೆಯ ಕಡೆಗಿನ ಏರಿನಲ್ಲಿ ಸೈಕಲ್ ಒಂದು ಸದ್ದೂ ಮಾಡಲಿಲ್ಲ. ಇಷ್ಟು ವರ್ಷ ಚೈನೋ ಪೆಡಲೋ ಏನಾದರೂ ಜೊತೆಗೆ ಗೊಣಗುತ್ತಿತ್ತು. ಈಗ ಅವಳ ಉಸಿರು ಅವಳಿಗೇ ಕೇಳುತ್ತಿತ್ತು. ಯಾರೊಂದಿಗೂ ಜಗಳವಾಡಿ ಅಭ್ಯಾಸವಿಲ್ಲದವಳು, ಯಾವ ವಿಷಯಕ್ಕೆ ಆಡುವುದೆಂದು ದಾರಿಯುದ್ದಕ್ಕೂ ಹುಡುಕಿದಳು. ಬೀಗ ತೆಗೆದು ಕತ್ತಲೆಯ ಮನೆಗೆ ಕಾಲಿಡುವಾಗ ಸಿಕ್ಕಿತು. ಎಡಗಡೆಯದು ಉಲ್ಟಾ ಎಂದು ಅವನು ಮೊದಲೇ ಯಾಕೆ ಹೇಳಲಿಲ್ಲ?