ಹುಲಿಗೆಪ್ಪನ ಕಡೇ ಬಾರು

ಬಂದೂಕಿನ ಹಿಡಿ ಮೌನೇಶನ ಕೈಯಲ್ಲಿತ್ತು, ನಳಿಗೆ ಉದಯಕುಮಾರನ ಕೈಯಲ್ಲಿ. ಇಬ್ಬರೂ ಬಿಡಲೊಲ್ಲದೆ ಜಗ್ಗುತ್ತಿದ್ದರು. ಅವರ ಹಿಂದೆ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಹುಲಿಗೆಪ್ಪ, ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು, ತನಗೂ ಈ ಜಗಳಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಣ್ಣು ಮುಚ್ಚಿಕೊಂಡಿದ್ದ. ಈ ಜಗಳ ಹಚ್ಚಿದವನೇ ಆತ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಬಿಡಲೇ ಉದಯಾ! ಲೈಸನ್ಸ್ ಇದ್ದಾಂವ ಸತ್ತ ಅಂದ್ರ ಬಂದೂಕು ಸೀದಾ ದೇವದುರ್ಗ ಠಾಣೆಕ್ಕ ಹೋಗಬೇಕು. ಕಾಯ್ದೆ ಅದ" ಎಂದ ಮೌನೇಶ.

"ಹೋಗ್ಲಿ, ಬ್ಯಾಡಂದವ್ರು ಯಾರು? ಮೊದಲ ಕಡೇ ಬಾರು ಹಾರ್ಲಿ. ಬಾರು ಇಲ್ದ ಮುದುಕನ್ನ ಮಣ್ಣಾಗ ಇಡ್ತೀಯೇನು?"

"ಹಾರ್ಸೋರು ಯಾರು? ನೀನಾ?"

ಉದಯಕುಮಾರ ನಳಿಗೆಯನ್ನು ಇನ್ನೊಮ್ಮೆ ಜಗ್ಗಿದ. ಬಾರು ಹಾರಿಸುವ ಹಕ್ಕು ಅವನದಾಗಿರಲಿಲ್ಲ. ಈ ಊರಲ್ಲಿ ಬೇಟೆಗೆ ಹೋಗುವವರು ಇಬ್ಬಿಬ್ಬರು ಜೋಡಿಯಾಗಿ ಹೋಗುತ್ತಿದ್ದರು. ಒಬ್ಬ ಸತ್ತರೆ ಉಳಿದವನು ಬರಬೇಕು. ಸತ್ತವನ ರುಮಾಲಿನಿಂದ ಬಟ್ಟೆ ಹರಿದು, ಅವನದೇ ಬಂದೂಕಿಗೆ ಮದ್ದಿನ ಜೊತೆ ಜಡಿದು, ಮಣ್ಣು ಮುಚ್ಚಿದ ಮೇಲೆ ಆಕಾಶಕ್ಕೆ ಒಂದು ಬಾರು ಹಾರಿಸಬೇಕು. ಆಗಲೇ ಜೋಡಿ ಬಿಚ್ಚಿದಂತೆ. ಇಲ್ಲವಾದರೆ ಸತ್ತವನು ತನ್ನ ಜೋಡಿಯನ್ನು ಹುಡುಕುತ್ತಾ ಹೊಲಹೊಲ ತಿರುಗುತ್ತಾನೆ ಎನ್ನುತ್ತಾರೆ. ಹುಲಿಗೆಪ್ಪನ ಜೋಡಿ ಖಾಜಾಮಿಯಾ. ಅವನ ಕೈಯಲ್ಲಿ ಈಗ ಬಂದೂಕಿಲ್ಲ, ಲೈಸನ್ಸಿಲ್ಲ. ಕಸಿದವನು ಹುಲಿಗೆಪ್ಪನೇ.

ಹೆಣದ ಪಕ್ಕ ಕೂತಿದ್ದ ಆದೆಮ್ಮ ಗಂಡನ ಮಾಲೆ ಸರಿಮಾಡಿದಳು. ನಲವತ್ತೇಳು ವರ್ಷ ಬಾಳಿದ ಗಂಡ ಬೆಳಗಿನ ಚಹಾ ಕುಡಿದು, ಲೋಟ ಕೆಳಗಿಟ್ಟು, ಹಾಗೇ ಹೋಗಿಬಿಟ್ಟಿದ್ದ. ಅಳುವುದನ್ನು ಅತ್ತು ಮುಗಿಸಿದ್ದಳು. ಈಗ ಅವಳಿಗೆ ಬೇಕಿದ್ದದ್ದು ಒಂದೇ: ಖಾಜಾಮಿಯಾ ಬರಬೇಕು, ತನ್ನ ಗಂಡನ ಜೋಡಿ ಬಿಚ್ಚಬೇಕು. ಬೆಳಿಗ್ಗೆಯೇ ಮಗಳು ಮಂಜುಳಾಳಿಂದ ಅವನಿದ್ದ ಕುರ್ಡಿ ಊರಿಗೆ ಫೋನ್ ಹಚ್ಚಿಸಿದ್ದಳು. ಎಂಟು ವರ್ಷದಿಂದ ಮಾತು ಬಿಟ್ಟವನು ಸುದ್ದಿ ಕೇಳಿದ, ಏನೂ ಹೇಳದೆ ಇಟ್ಟುಬಿಟ್ಟ.

"ಬರ್ತಾನೇನವ್ವಾ?" ಎಂದು ಮಂಜುಳಾ ಕಿವಿಯ ಹತ್ತಿರ ಕೇಳಿದಳು.

"ಬರ್ತಾನ" ಎಂದಳು ಆದೆಮ್ಮ. ಅವಳ ದನಿಯಲ್ಲಿ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ಹೊಟ್ಟೆಯೊಳಗೆ.

*

ತಾಲೂಕಿನ ಬಂದೂಕು ಸಂಘಕ್ಕೆ ಹುಲಿಗೆಪ್ಪ ಹನ್ನೆರಡು ವರ್ಷ ಅಧ್ಯಕ್ಷ. ಬೆಳೆ ಕಾಯಲು, ನಳಿಗೆಗೆ ಮದ್ದು ಜಡಿದು ಹಾರಿಸುವ ಕೇಪಿನ ಬಂದೂಕು ಇಟ್ಟುಕೊಂಡ ನಲವತ್ತು ಜನರ ಸಂಘ ಅದು. ತೊಗರಿಗೆ ಹಂದಿ ಬಿದ್ದರೆ ಎಲ್ಲರೂ ಒಂದೇ ಎನ್ನುವಂತೆ ಇದ್ದರು. ಆಮೇಲೆ ಯಾರೋ ಸುದ್ದಿ ತಂದರು, ಬಂದೂಕು ಹೆಚ್ಚಾಗಿವೆ, ಅರ್ಧ ಕಸಿದುಕೊಳ್ಳುತ್ತಾರಂತೆ ಎಂದು. ಅಲ್ಲಿಗೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಆ ಸಂಜೆ ಆದೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಹುಲಿಗೆಪ್ಪ ಒಂದು ಹಾಳೆ ಹಿಡಿದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಉಳಿದವ್ರದು ಎಲ್ಲಾ ಆಗ್ಯಾವ, ಕಡೀಕ ಇಲ್ಲೊಂದು ಸಹಿ ಹಾಕು. ಸ್ವಂತ ಪಹಣಿ ಇದ್ದವ್ರಿಗೆ ಅಷ್ಟೇ ಬಂದೂಕು ಇರ್ಲಿ ಅಂತ ರಾಯಚೂರಾಗ ಡಿಸಿ ಆಫೀಸಿಗೆ ಅರ್ಜಿ ಕೊಡಾಕತ್ತೀವಿ."

"ನಿನ್ನ ಹೆಸರಿಲೆ ಪಹಣಿ ಎಲ್ಲಿ ಅದ?" ಎಂದು ಆದೆಮ್ಮ ನಕ್ಕಳು.

ನಗುವ ಮಾತೇ ಅದು. ಆ ನಾಲ್ಕು ಎಕರೆ ಅವಳ ತವರಿನವರು ಅವಳ ಹೆಸರಿಗೆ ಬರೆದು ಕೊಟ್ಟದ್ದು. ಹೊಲ ಅವಳದಾದ್ದರಿಂದ ಲೈಸನ್ಸೂ ಅವಳದೇ, ಅರ್ಜಿಗೆ ಬೇಕಾದ ಸಹಿಯೂ ಅವಳದೇ. ಅಧ್ಯಕ್ಷರು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದದ್ದು ಹೆಂಡತಿಯ ಬಂದೂಕು. ಲೈಸನ್ಸ್ ನವೀಕರಿಸುವ ದಿನ ಹತ್ತಿರ ಬಂದಾಗಲೆಲ್ಲ, ಮನೆಯವಳನ್ನು ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆಂದು ಊರಿಗೆ ಹೇಳಿ, ಆದೆಮ್ಮನನ್ನು ರಾಯಚೂರಿನ ಬಸ್ಸು ಹತ್ತಿಸುತ್ತಿದ್ದ. ಈ ಗುಟ್ಟು ತಿಳಿದವನು ಖಾಜಾಮಿಯಾ ಒಬ್ಬನೇ. ಮೊದಲ ಸಲ ಸಾಕ್ಷಿ ಹಾಕಲು ಅವರೊಡನೆ ಹೋದವನು ಅವನು.

"ಖಾಜಣ್ಣ ಪಾಲಿನ ಹೊಲ ಮಾಡ್ತಾನ. ಆತಂಗೆಲ್ಲಿ ಪಹಣಿ ಅದ?" ಎಂದು ಆದೆಮ್ಮ ಕೇಳಿದಳು.

"ಅವಂದು ನಾ ನೋಡ್ಕೋತೀನಿ ಬೇ. ನೀ ಹಾಕು."

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಅವಳು ಹಾಕಿದಳು. ಹುಲಿಗೆಪ್ಪ ಏನನ್ನೂ ನೋಡಿಕೊಳ್ಳಲಿಲ್ಲ. ಎರಡು ತಿಂಗಳಿಗೆ ಖಾಜಾಮಿಯಾನ ಬಂದೂಕು ಹೋಯಿತು, ಬಂದೂಕಿಲ್ಲದೆ ಬೆಳೆ ಕಾಯಲಾಗದೆ ಹಿಂದೆಯೇ ಪಾಲಿನ ಹೊಲವೂ ಹೋಯಿತು. ಅವನು ಊರು ಬಿಟ್ಟು ಕುರ್ಡಿಗೆ ಮಗಳ ಮನೆ ಸೇರಿದ. ಸಂಘ ಎರಡು ಹೋಳಾಯಿತು, ಬಂದೂಕು ಉಳಿದವರು ಮೌನೇಶನ ಕಡೆ, ಕಳಕೊಂಡವರು ಉದಯಕುಮಾರನ ಕಡೆ. ಎರಡು ಬೋರ್ಡು, ಎರಡು ಲೆಟರ್‌ಹೆಡ್ಡು. ರಬ್ಬರ್ ಸ್ಟಾಂಪು ಮಾತ್ರ ಒಂದೇ ಇತ್ತು, ಅದಕ್ಕಾಗಿ ಮೌನೇಶ, ಉದಯಕುಮಾರ ಬಸ್‌ಸ್ಟ್ಯಾಂಡಿನಲ್ಲೇ ಕೈ ಕೈ ಮಿಲಾಯಿಸಿದ್ದರು. ಖಾಜಾಮಿಯಾ ಒಂದೇ ಒಂದು ಮಾತು ಆಡಿದ್ದರೆ ಹುಲಿಗೆಪ್ಪನ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು. ಅವನು ಆಡಲಿಲ್ಲ.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಖಾಜಾಮಿಯಾ ಬಂದ. ಬಿಳಿ ಗಡ್ಡ, ಹೆಗಲಿಗೊಂದು ಟವೆಲು, ಬಸ್ಸಿನ ಧೂಳು. ಯಾರ ಕಡೆಯೂ ನೋಡದೆ ಹೋಗಿ ಹುಲಿಗೆಪ್ಪನ ಮುಂದೆ ಕೂತ. ಆ ಮುಖ ನೋಡಿದ.

"ಎಂಟು ವರ್ಷ ಆತಲೇ. ಒಂದು ಸಲ ಕುರ್ಡಿಗೆ ಬರಾಕ ಬಸ್ ಸಿಗಲಿಲ್ಲೇನು ನಿನಗ?" ಎಂದ. ಗಡ್ಡದೊಳಗೆ ಕಣ್ಣೀರು ಇಳಿಯಿತು. ಸುತ್ತ ಇದ್ದ ಹೆಂಗಸರು ಮತ್ತೊಮ್ಮೆ ಅಳತೊಡಗಿದರು.

ಉದಯಕುಮಾರ ಇದೇ ಸಮಯವೆಂದು ಮೌನೇಶನಿಂದ ಬಂದೂಕು ಕಸಿದುಕೊಂಡು ಖಾಜಾಮಿಯಾನ ಮುಂದೆ ಹಿಡಿದ. "ತಗೋ ಕಾಕಾ. ಹಕ್ಕು ನಿಂದು. ಯಾರ್ ತಡೀತಾರ ನಾ ನೋಡ್ತೀನಿ."

"ಮುಟ್ಟಬ್ಯಾಡ್ರಿ ಖಾಜಾಸಾಬ್ರ!" ಮೌನೇಶ ನಡುವೆ ನುಗ್ಗಿದ. "ಲೈಸನ್ಸ್ ಇಲ್ದಾಂವ ಬಾರು ಹಾರ್ಸಿದ ಅಂತ ಯಾರರ ಮೊಬೈಲಿನಾಗ ಹಿಡದ್ರ ನಮ್ಮ ಎಲ್ಲಾರ ಬಂದೂಕೂ ಹೋಗ್ತಾವ."

"ಹೋಗ್ಲಿ! ಆತಂದು ಹೋದಾಗ ನಿಮಗ ಉರೀಲಿಲ್ಲಲ್ಲ?"

"ಜಗಳ ಬ್ಯಾಡ್ರಪ್ಪಾ" ಎಂದ ಖಾಜಾಮಿಯಾ. "ನಾ ಮುಖ ನೋಡಾಕ ಬಂದೀನಿ. ನೋಡಿದೆ. ಹೋಗ್ತೀನಿ."

ಅವನು ಏಳುತ್ತಿದ್ದಂತೆ ಆದೆಮ್ಮನೂ ಎದ್ದಳು. ಒಳಗೆ ಹೋಗಿ ಟ್ರಂಕು ತೆರೆದು ನೀಲಿ ರಟ್ಟಿನ ಪುಸ್ತಕವೊಂದನ್ನು ತಂದು ಮಗಳ ಕೈಗಿಟ್ಟಳು.

"ಓದವ್ವಾ. ಜೋರಾಗಿ ಓದು."

ಮಂಜುಳಾ ತೆರೆದಳು. ಮೊದಲ ಪುಟದ ಫೋಟೋ ನೋಡಿ ತಾಯಿಯ ಮುಖ ನೋಡಿದಳು. "ಲೈಸನ್ಸ್‌ದಾರರ ಹೆಸರು: ಆದೆಮ್ಮ, ಗಂಡ ಹುಲಿಗೆಪ್ಪ. ಉದ್ದೇಶ: ಬೆಳೆ ರಕ್ಷಣೆ."

ಅಂಗಳದಲ್ಲಿ ಹಲಗೆ ಬಾರಿಸುತ್ತಿದ್ದವರೂ ಕೈ ನಿಲ್ಲಿಸಿದರು. ಮೌನೇಶ ಪುಸ್ತಕ ಇಸಿದುಕೊಂಡು ಹಿಂದೆ ಮುಂದೆ ತಿರುವಿದ. ಹನ್ನೆರಡು ವರ್ಷ ತಾನು ಅಧ್ಯಕ್ಷರೇ ಅಧ್ಯಕ್ಷರೇ ಎಂದು ಯಾರ ಹಿಂದೆ ಸುತ್ತಿದ್ದನೋ ಆ ಹುಲಿಗೆಪ್ಪನಿಗೆ ಪಹಣಿಯೂ ಇರಲಿಲ್ಲ, ಬಂದೂಕೂ ಇರಲಿಲ್ಲ ಎಂಬುದು ಅವನ ತಲೆಗೆ ನಿಧಾನವಾಗಿ ಇಳಿಯಿತು. ಉದಯಕುಮಾರ ನಗಬೇಕೆಂದು ಬಾಯಿ ತೆರೆದ. ಆದೆಮ್ಮ ನೋಡಿದ ನೋಟಕ್ಕೆ ಮುಚ್ಚಿಕೊಂಡ.

"ಲೈಸನ್ಸ್ ಇದ್ದಾಕಿ ಸತ್ತಿಲ್ಲ, ಇಲ್ಲೇ ನಿಂತೀನಿ. ಬಂದೂಕು ನಂದು, ಹೊಲ ನಂದು. ಬಾರು ನಾ ಹಾರಿಸ್ತೀನಿ. ಬೆಳಿ ಕಾಯಾಕ ಅಂತ ಸರ್ಕಾರದವ್ರೇ ಬರದು ಕೊಟ್ಟಾರ."

"ಹಗಲಿನಾಗ ಹಂದಿ ಎಲ್ಲಿ ಬಂದಾವಬೇ ಯವ್ವಾ?" ಎಂದ ಮೌನೇಶ, ಸೋತ ದನಿಯಲ್ಲಿ.

"ಎರಡು ನನ್ನ ಅಂಗಳದಾಗ ಮುಂಜಾನಿಂದ ಗುದ್ದಾಡಾಕತ್ಯಾವಲ್ಲ."

ಹೆಣದ ಮನೆ ಎಂಬುದನ್ನೂ ಮರೆತು ಜನ ನಕ್ಕರು. ಆದೆಮ್ಮ ಮಾತ್ರ ನಗಲಿಲ್ಲ. ಖಾಜಾಮಿಯಾನ ಕಡೆ ತಿರುಗಿದಳು. ಎಂಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡ ಮಾತನ್ನು ಎಲ್ಲರ ಮುಂದೆಯೇ ಹೇಳಿದಳು.

"ಖಾಜಣ್ಣ, ಆ ಅರ್ಜಿಗೆ ಸಹಿ ಹಾಕಿದಾಕಿ ನಾನು. ನಿನ್ನ ಬಂದೂಕು ಹೋಗಿದ್ದು ನನ್ನ ಕೈಲೆ."

"ಗೊತ್ತಿತ್ತು ತಂಗಿ. ಡಿಸಿ ಆಫೀಸಿನಾಗ ಪಟ್ಟಿ ತೋರ್ಸಿದ್ರು. ಕಡೀಕ ನಿನ್ನ ಹೆಸರಿತ್ತು."

"ಗೊತ್ತಿದ್ದೂ ಸುಮ್ಮನಿದ್ಯಾ?"

"ಹೇಳಿದ್ರ ನನ್ನ ಬಂದೂಕು ತಿರುಗಿ ಬರ್ತಿತ್ತೇನು? ಅವನ ಮಾನ ಹೋಗ್ತಿತ್ತು." ಖಾಜಾಮಿಯಾ ಟವೆಲಿನಿಂದ ಮುಖ ಒರೆಸಿಕೊಂಡ. "ಜೋಡಿ ಇದ್ವಲ್ಲಬೇ ನಾವು."

"ಹಂಗಾರ ನಡಿ. ಮದ್ದು ನೀ ತುಂಬು. ಹಿಡಿಯಾಕಿ ನಾ ಇದೀನಿ."

ಕಾಯ್ದೆ ಬಲ್ಲ ಮೌನೇಶ ಪುಸ್ತಕವನ್ನು ಆದೆಮ್ಮನ ಕೈಗೆ ಕೊಟ್ಟ. "ಲೈಸನ್ಸ್ ಇದ್ದವ್ರು ಎದುರಿಗೆ ಇದ್ರ ತುಂಬಿ ಕೊಡಬೌದು. ತಪ್ಪಿಲ್ಲ" ಎಂದು ತಾನಾಗಿಯೇ ಹೇಳಿ, ಚಟ್ಟಕ್ಕೆ ಹೆಗಲು ಕೊಡಲು ಹೋದ. ಆಚೆ ಬದಿಯ ಹೆಗಲು ಉದಯಕುಮಾರನದಾಗಿತ್ತು.

*

ಹರೆಯದಲ್ಲಿ ಹುಲಿಗೆಪ್ಪ, ಖಾಜಾಮಿಯಾ ಇಬ್ಬರೂ ನಸುಕಿಗೇ ಹೊಲಕ್ಕೆ ಹೋಗುತ್ತಿದ್ದರು. ಬುತ್ತಿ ಒಯ್ದ ಆದೆಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಹುಲಿಗೆಪ್ಪ ಬಾರು ಹಾರಿಸುವವನು. ನಳಿಗೆಯಿಂದ ಬೆಂಕಿ ಹತ್ತಿಕೊಂಡು ಹೊರಬಿದ್ದ ಬಟ್ಟೆಯ ತುಂಡು ಒಣಗಿದ ತೊಗರಿಗೆ ತಾಗದಂತೆ ಓಡಿಹೋಗಿ ತುಳಿದು ಆರಿಸುವವನು ಖಾಜಾಮಿಯಾ. ಹಂದಿ ಸತ್ತು ಬಿದ್ದರೆ ಅವನು ಮುಟ್ಟುತ್ತಿರಲಿಲ್ಲ, ಪಾಲೂ ಕೇಳುತ್ತಿರಲಿಲ್ಲ. ಊರಿಗೆ ಕೇಳಿಸಿದ್ದು ಹುಲಿಗೆಪ್ಪನ ಬಾರಿನ ಸದ್ದು. ಊರಿನ ಹೊಲಗಳು ಸುಡದೆ ಉಳಿದದ್ದು ಯಾರಿಂದ ಎಂದು ಯಾರೂ ಕೇಳಲಿಲ್ಲ.

*

ಹೊಲದ ಬೇವಿನ ಮರದ ಕೆಳಗೆ ಮಣ್ಣು ಮುಚ್ಚುವುದು ಮುಗಿಯಿತು. ಖಾಜಾಮಿಯಾ ಹುಲಿಗೆಪ್ಪನ ರುಮಾಲಿನಿಂದ ಅಂಗೈಯಗಲ ಬಟ್ಟೆ ಹರಿದ. ಮದ್ದು ಸುರಿದು, ಬಟ್ಟೆ ತುರುಕಿ, ಗಜದ ಸಲಾಕೆಯಿಂದ ಮೂರು ಸಲ ಜಡಿದ. ಮದ್ದಿಗೆ ಕಿಡಿ ಕೊಡುವ ಕೇಪು ಇಟ್ಟು, ನಳಿಗೆ ಮೇಲೆ ಮಾಡಿ, ಬಂದೂಕನ್ನು ಆದೆಮ್ಮನಿಗೆ ಕೊಟ್ಟ.

"ಹೆಗಲಿಗೆ ಗಟ್ಟಿ ಒತ್ತಿ ಹಿಡಿ ತಂಗಿ."

"ಗೊತ್ತದ ಬಿಡು. ನಿಮ್ಮ ಅಧ್ಯಕ್ಷರು ಮೀಟಿಂಗಿಗೆ ಹೋದಾಗೆಲ್ಲ ಹಂದಿ ಓಡಿಸಿದಾಕಿ ಯಾರು?"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಅಗಲಿಸಿ ನಿಂತು, ಆಕಾಶಕ್ಕೆ ಗುರಿಯಿಟ್ಟು ಬಂದೂಕಿನ ಕುದುರೆ ಎಳೆದಳು.

ಬಾರು ಹಾರಿತು. ಬೇವಿನ ಮರದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಹೊಗೆಯೊಳಗಿಂದ ಬೆಂಕಿ ಹತ್ತಿದ ಬಟ್ಟೆಯ ತುಂಡು ತಿರುತಿರುಗಿ ಇಳಿದು ಹುಲಿಗೆಪ್ಪನನ್ನು ಮುಚ್ಚಿದ ಹಸಿ ಮಣ್ಣಿನ ದಿಬ್ಬದ ಮೇಲೆ ಬಿತ್ತು. ಖಾಜಾಮಿಯಾ ಹಳೆಯ ರೂಢಿಯಂತೆ ಓಡಿದ, ತುಳಿಯಲು ಕಾಲೆತ್ತಿದ. ಎತ್ತಿದ ಕಾಲು ಹಾಗೇ ನಿಂತಿತು. ಅವನು ಹಿಂದೆ ಸರಿದು, ಚಪ್ಪಲಿ ಕಳಚಿ, ಮೊಣಕಾಲೂರಿ ಕೂತು, ಆ ಕಿಡಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಹಿಚುಕಿ ಆರಿಸಿದ.