ಇಸ್ತ್ರಿ ಗಾಡಿಯ ಹಲಗೆ

ಜೇಬಿನಲ್ಲಿ ಒಂದು ರೂಪಾಯಿ ನಾಣ್ಯ ಸಿಕ್ಕರೂ ವಾಪಸ್ ಕೊಡುವವಳು ಮುನಿಶಾಮಮ್ಮ ಎಂದು ಸಂಜಯನಗರದ ಆ ಬೀದಿಗೆಲ್ಲ ಗೊತ್ತಿತ್ತು. ಬ್ಯಾಟರಾಯನಪುರದಿಂದ ಬೆಳಗ್ಗೆ ಏಳಕ್ಕೇ ಬಂದು, ಹೊಂಗೆಮರದ ಕೆಳಗಿನ ಗಾಡಿಯಲ್ಲಿ ಇದ್ದಿಲು ಹೊತ್ತಿಸಿ ಇಸ್ತ್ರಿಗೆ ನಿಂತರೆ ಸಂಜೆಯವರೆಗೆ ಅವಳಿಗೆ ಪುರುಸೊತ್ತಿಲ್ಲ. ಅಂಥವಳು ಒಂದು ದಿನ ಶ್ರೀಕಾಂತನ ಶರ್ಟಿನಲ್ಲಿದ್ದ ಮುದುರಿದ ಬಿಲ್ಲೊಂದನ್ನು ಕೊಡಲು ಮನೆ ಬಾಗಿಲಿಗೇ ಬಂದಾಗ ಅವನ ಹೆಂಡತಿ ವಂದನಾಗೆ ನಗು ಬಂತು.

"ಹಳೇ ಬಿಲ್ಲು ಮುನಿಶಾಮಮ್ಮ, ಬಿಸಾಕಿ."

"ಬುಡ್ತು ಅನ್ನಮ್ಮ. ಕೆಳಗಡೆ ನೋಡು, ಕೂಪನ್ ಐತೆ. ಸಾವಿರದೈನೂರಕ್ಕೆ ಸಾಮಾನು ತಗಂಡ್ರೆ ಮುನ್ನೂರು ಕಡ್ಮೆ. ಇಂಗಾ ಬಿಸಾಕದು?"

ಮುನ್ನೂರು ರೂಪಾಯಿ ಆಗ ವಂದನಾಗೆ ಸಣ್ಣ ಮಾತಲ್ಲ. ಶ್ರೀಕಾಂತನ ಕಂಪನಿ ಸಂಬಳವನ್ನು ಅರ್ಧಕ್ಕಿಳಿಸಿತ್ತು, ಗೌರಿ ಹಬ್ಬಕ್ಕೆ ಎರಡೇ ತಿಂಗಳಿತ್ತು. ಅತ್ತೆ ಗೋದಾ ಈ ಮನೆಗೆ ಬಂದಾಗಿನಿಂದ ಐದು ಮುತ್ತೈದೆಯರಿಗೆ ಮೊರದ ಬಾಗಿನ ಕೊಡುವುದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. "ಈ ಸಲ ಒಂದು ಸಾಕು ಬಿಡಮ್ಮ, ಗೌರಿಗೆ ಅರ್ಥ ಆಗತ್ತೆ" ಎಂದು ಅವರು ಗೋಡೆ ಕಡೆ ತಿರುಗಿ ಹೇಳಿದ್ದರು. ಆ ಬೆನ್ನು ನೋಡಲಾರದೆ ವಂದನಾ ಐದೂ ಕೊಡೋಣ ಎಂದು ಮಾತು ಕೊಟ್ಟುಬಿಟ್ಟಿದ್ದಳು.

ಮೊದಲ ಕೂಪನ್ ಹಿಡಿದು ಅಂಗಡಿಗೆ ಹೋದವಳು ಲೆಕ್ಕ ತುಂಬಿಸುವ ಭರದಲ್ಲಿ ನೆಲ ಒರೆಸುವ ಔಷಧಿಯನ್ನೇ ನಾಲ್ಕು ಬಾಟಲಿ ತಂದಳು. ನಾಯಿಯಿಲ್ಲದ ಮನೆಗೆ ನಾಯಿ ಬಿಸ್ಕತ್ತು ಬಾರದೆ ಉಳಿದದ್ದೇ ಪುಣ್ಯ. ಮುನಿಶಾಮಮ್ಮ ಚೀಲದೊಳಗೆ ಇಣುಕಿ ನೋಡಿ ತಲೆ ಆಡಿಸಿದಳು.

"ಕೂಪನ್ ಏಳಿದ್ದನ್ನೆಲ್ಲ ತರಬ್ಯಾಡ. ಬೇಕಾಗಿದ್ದು ಮೊದ್ಲು ಚೀಟಿ ಬರ್ಕೊ, ಆಮೇಲೆ ಅದುಕ್ಕೆ ಕೂಪನ್ ನೋಡು. ಉಳ್ಸಕ್ಕೋಗಿ ಕಳ್ಕಂಡ್ರೆ ಏನ್ ಬಂತು?"

ಮುನಿಶಾಮಮ್ಮ ಓದಿದ್ದು ಮೂರನೇ ಕ್ಲಾಸು. "ಬೇಡ, ನೀವೇ ಇಟ್ಕೊಳ್ಳಿ" ಎಂದು ಜನ ಬಿಟ್ಟ ಕೂಪನ್ನುಗಳಲ್ಲೇ ಅವಳ ಮನೆಗೆ ಸೋಪು, ಬೇಳೆ, ಮೊಮ್ಮಗಳು ಮೋನಿಷಾಳ ಹಾಲಿನ ಪುಡಿ ಬರುತ್ತಿತ್ತು. ಯಾವುದು ಎಣ್ಣೆಗೆ ನಡೆಯುವುದಿಲ್ಲ, ಯಾವುದು ಶನಿವಾರ ಕೆಲಸಕ್ಕೆ ಬಾರದು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಎಂ.ಕಾಂ. ಮಾಡಿದ ವಂದನಾ ಗಾಡಿಯ ಪಕ್ಕ ನಿಂತು ಮಗ್ಗಿ ಕಲಿಯುವ ಮಗುವಿನಂತೆ ಕೇಳಿಸಿಕೊಂಡಳು. ಇಂಥ ಹೆಂಗಸನ್ನು ಇಷ್ಟು ವರ್ಷ ಬರೀ ಇಸ್ತ್ರಿಯವಳು ಅಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು.

ಎರಡು ತಿಂಗಳಲ್ಲಿ ಮನೆ ಸಾಮಾನಿನ ಬಿಲ್ಲುಗಳಿಂದ ಹಬ್ಬಕ್ಕೆಂದು ಮೂರು ಕೂಪನ್ ಕೂಡಿದವು, ಒಟ್ಟು ಒಂಬೈನೂರು. ಒಂದೊಂದು ಸಿಕ್ಕಾಗಲೂ ವಂದನಾ ಗಾಡಿಗೆ ತಂದು ತೋರಿಸುತ್ತಿದ್ದಳು. ಮುನಿಶಾಮಮ್ಮ ತಾರೀಖು ನೋಡಿ ಸರಿ ಎನ್ನುವಳು, ಬಗ್ಗಿ ಹಲಗೆಯ ಮೇಲೆ ಪೆನ್ನಿನಲ್ಲಿ ಏನೋ ಗೀಚುವಳು. ಬಟ್ಟೆ ಲೆಕ್ಕವಿರಬೇಕೆಂದು ವಂದನಾ ಕೇಳಲಿಲ್ಲ.

ಆ ಮನೆಯಲ್ಲಿ ಲಗ್ನಪತ್ರಿಕೆಯಿರಲಿ, ಪರೀಕ್ಷೆಯ ಹಾಲ್ ಟಿಕೆಟ್ಟಿರಲಿ, ಮುಖ್ಯವಾದ ಕಾಗದವೆಂದರೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಡುವುದು ವಾಡಿಕೆ. ವಂದನಾ ಕೂಪನ್ನುಗಳನ್ನೂ ಹಾಗೇ ಮಾಡಿದಳು. ಹಾರಿಹೋಗದಿರಲೆಂದು ಹಿತ್ತಾಳೆ ದೀಪದ ಬುಡಕ್ಕೆ ಸಿಕ್ಕಿಸಿದಳು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ತೆಗೆದು ನೋಡಿದರೆ ದೀಪದ ಕಾವಿಗೆ ಮೂರೂ ಕಪ್ಪಾಗಿದ್ದವು, ಒಂದಕ್ಷರವೂ ಕಾಣದು. ಅತ್ತೆಗೆ ಹೇಳುವ ಧೈರ್ಯವಾಗದೆ ಅವುಗಳನ್ನು ಮುಷ್ಟಿಯಲ್ಲಿ ಹಿಡಿದು ಗಾಡಿಗೆ ಓಡಿದಳು.

ಮುನಿಶಾಮಮ್ಮ ನಗಲಿಲ್ಲ. "ಆ ಕಾಗ್ದುಕ್ಕೆ ಬಿಸಿ ಆಗಕಿಲ್ಲ ಕಣಮ್ಮ. ನಾನೂ ಮೊದುಲ್ನೇ ಸಲ ಮುದುರೈತೆ ಅಂತ ಇಸ್ತ್ರಿ ಮಾಡ್ದೆ. ಕಾಗೆ ಆಗೋಯ್ತು."

"ಮತ್ತೆ ಏನ್ ಮಾಡಿದ್ರಿ?"

"ಅತ್ಬುಟ್ಟೆ. ಅವತ್ತಿಂದ ಕೂಪನ್ ನಂಬರ್ ಬರ್ದಿಕ್ಕೊತೀನಿ." ಅವಳು ಗಾಡಿಗೆ ಹಾಸಿದ್ದ ದಪ್ಪ ಕಂಬಳಿಯನ್ನು ಮೂಲೆಯಿಂದ ಎತ್ತಿದಳು. ಹಲಗೆಯ ಮೇಲೆ ಅಂಕುಡೊಂಕಾದ ಅಂಕಿಗಳ ಮೂರು ಸಾಲು, ಮುಂದೆ "ವಂ" ಎಂಬ ಒಂದಕ್ಷರ. "ನಿಂದೂ ಬರ್ದಿವ್ನಿ. ನೀನು ಮರ್ತ್ರೆ ಇರ್ಲಿ ಅಂತ."

ಅಂಗಡಿಯ ಹುಡುಗಿ ಕಪ್ಪು ಚೂರುಗಳನ್ನು ತಿರುಗಿಸಿ ನೋಡಿ ಮುಖ ಸಿಂಡರಿಸಿದಳು. ಹಲಗೆಯಿಂದ ಬರೆದುಕೊಂಡು ಬಂದಿದ್ದ ನಂಬರುಗಳನ್ನು ವಂದನಾ ಹೇಳಿದ ಮೇಲೆ ಕಂಪ್ಯೂಟರಿನಲ್ಲಿ ಒಂದೊಂದಾಗಿ ಒತ್ತಿದಳು. ಮೂರು ಬಿಲ್ಲಿನಲ್ಲೂ ಮುನ್ನೂರು ಮುನ್ನೂರು ಕಡಿಮೆಯಾಯಿತು. ವಂದನಾಗೆ ಅಲ್ಲೇ ಅಳು ಬಂತು.

ಮನೆಗೆ ಬಂದು ಅವಳು ಅತ್ತೆಗೆ ಎಲ್ಲವನ್ನೂ ಹೇಳಿದಳು, ದೀಪದ ಬುಡದ ಪೆದ್ದುತನವನ್ನೂ ಬಿಡದೆ. ಹಬ್ಬದ ಬೆಳಗ್ಗೆ ನೋಡಿದರೆ ಐದರ ಪಕ್ಕ ಆರನೆಯ ಬಾಗಿನ ಸಿದ್ಧವಾಗಿತ್ತು, ಮೊರವನ್ನು ಗೋದಾ ತಮ್ಮ ದುಡ್ಡಿನಲ್ಲೇ ತರಿಸಿದ್ದರು. "ಮೊದಲು ಇದನ್ನ ಕೊಟ್ಟು ಬರೋಣ ನಡಿ" ಎಂದು ಮಂಡಿನೋವಿನ ಕಾಲೆಳೆಯುತ್ತ ಹೊಂಗೆಮರದವರೆಗೂ ಬಂದರು.

ಮುನಿಶಾಮಮ್ಮ ಯಾರದೋ ಹಬ್ಬದ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. ಗಂಡ ಚಿಕ್ಕಮಾರಯ್ಯ ಪಕ್ಕದಲ್ಲಿ ಮಡಿಕೆ ಹಾಕುತ್ತಿದ್ದ. ಗೋದಾ ಸೆರಗು ಮುಚ್ಚಿ ಮೊರ ಚಾಚಿದರು. ಅವಳು ಕೈಯೊರೆಸಿಕೊಂಡು, ತಾನೂ ಸೆರಗೊಡ್ಡಿ ಹಿಡಿದುಕೊಂಡಳು.

"ಮೂವತ್ತು ವರ್ಸ ಈ ಬೀದಿ ಗೌರಿ ಅಬ್ಬುದ್ ಸೀರೆ ತೀಡಿವ್ನಿ. ಬಾಗಿನ ಮುಂದೆ ಓಗೋದು ನೋಡ್ತಿದ್ದೆ. ನನ್ತಾವ ನಿಂತಿದ್ದು ಇವತ್ತೇ."

ಅವಳು ಮೊರವನ್ನು ಹಲಗೆಯ ಮೇಲೆ ಇಳಿಸಿ, ಉರಿಯುತ್ತಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಗಾಡಿಯ ಆ ತುದಿಗೆ ದೂರ ತಳ್ಳಿದಳು.

"ಇದುಕ್ಕೂ ಬಿಸಿ ತಗಲಬಾರ್ದು" ಎಂದಳು.