ಹೆಬ್ಬೆರಳಿನ ಉಪ್ಪು

ಕೆಲವು ಲವಣಗಳು ಶಾಖಕ್ಕೆ ಒಡೆಯುವಾಗ ಮಿಣುಕುತ್ತವೆ. ಯಾವ ಶಾಖಕ್ಕೆ ಎಷ್ಟು ಬೆಳಕು ಬಂತೆಂದು ಕತ್ತಲೆ ಕೋಣೆಯಲ್ಲಿ ಅಳೆಯುವುದು ಅಪ್ಪನ ಕೆಲಸ. ಅವರ ಕೈಕೆಳಗೆ ನಾನು. ಲವಣವನ್ನು ತಟ್ಟೆಗೆ ಒತ್ತಲು ಅಪ್ಪ ಬರಿ ಹೆಬ್ಬೆರಳನ್ನೇ ಬಳಸುತ್ತಿದ್ದರು. ಬೆವರಿನ ಉಪ್ಪೂ ಸೇರಿ ಅಳತೆಯೆಲ್ಲ ಹಾಳು. "ಅಪ್ಪಾ, ಗ್ಲೌಸ್ ಹಾಕ್ಕೊಳ್ಳಿ!" ಎಂದು ದಿನಾ ಬಾಯಿ ಬಡಿದುಕೊಳ್ಳುತ್ತಿದ್ದೆ. "ಆಯ್ತಮ್ಮ, ಆಯ್ತು" ಎನ್ನುತ್ತಲೇ ಮತ್ತೆ ಹೆಬ್ಬೆರಳು ಊರುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ಕೆಲಸಕ್ಕೆ ಕೂತಾಗ, ಪರೀಕ್ಷೆಗೆಂದು ಖಾಲಿ ತಟ್ಟೆಯನ್ನು ಕಾಯಿಸಿದೆ. ಕತ್ತಲಲ್ಲಿ ಹೆಬ್ಬೆರಳಗಲದ ನೀಲಿ ಬೆಳಕು ಮೂಡಿ ಆರಿತು. ಹಳೆಯ ಬೆವರಿರಬೇಕೆಂದು ತಟ್ಟೆಯನ್ನು ಆಸಿಡ್‌ನಲ್ಲಿ ತೊಳೆದು ಮತ್ತೆ ಕಾಯಿಸಿದೆ. ಅದೇ ಜಾಗದಲ್ಲಿ ಅದೇ ಬೆಳಕು. ಯಾರೂ ಮುಟ್ಟದ ಹೊಸ ತಟ್ಟೆ ಇಟ್ಟೆ. ಅದರಲ್ಲಿ ಬೆರಳಿನ ಗೆರೆಗಳೂ ಸ್ಪಷ್ಟವಾಗಿ ಹೊಳೆದವು.

ಬಾಯಿಗೆ ಬಂದದ್ದು ಹಳೆಯ ಬೈಗುಳವೇ: "ಅಪ್ಪಾ, ಎಷ್ಟು ಸಲ ಹೇಳ್ಬೇಕು? ಗ್ಲೌಸ್ ಹಾಕ್ಕೊಳ್ಳಿ!"

ಬದುಕಿದ್ದಾಗ ಒಂದು ದಿನವೂ ನನ್ನ ಮಾತು ಕೇಳದ ಅಪ್ಪ ಅಂದು ಕೇಳಿಬಿಟ್ಟರು. ಆಮೇಲೆ ಎಷ್ಟು ಕಾಯಿಸಿದರೂ, ಎಷ್ಟು ಬೇಡಿಕೊಂಡರೂ ತಟ್ಟೆ ಹೊಳೆಯಲೇ ಇಲ್ಲ.